ಒನಕೆಯ ನೆರಳು: ಜನಪದ ಆಕಾಶಜ್ಞಾನ ಮತ್ತು ಕಡಿಮೆ ವೆಚ್ಚದ ಖಗೋಳ ಬೋಧನೆ

ಆಕಾಶವನ್ನು ಕುರಿತ ತಿಳಿವಳಿಕೆ ಮನುಷ್ಯನ ಅತ್ಯಂತ ಪ್ರಾಚೀನ ತಿಳಿವಳಿಕೆಗಳಲ್ಲಿ ಒಂದು. ಬಿತ್ತನೆ, ಕೊಯ್ಲು, ಜಾತ್ರೆ, ಪ್ರಯಾಣ, ಮೀನುಗಾರಿಕೆ ಮೊದಲಾದ ಜೀವನವ್ಯಾಪಾರಗಳೆಲ್ಲವೂ ಸೂರ್ಯ, ಚಂದ್ರ, ನಕ್ಷತ್ರಗಳ ಚಲನೆಯೊಡನೆ ಹೆಣೆದುಕೊಂಡೇ ಬೆಳೆದಿವೆ. ಹೀಗಿದ್ದರೂ ಇಂದಿನ ಶಾಲೆಗಳಲ್ಲಿ ಖಗೋಳ ವಿಜ್ಞಾನವು ಬಹುಮಟ್ಟಿಗೆ ಪಠ್ಯಪುಸ್ತಕದ ಚಿತ್ರಗಳಿಗೆ ಸೀಮಿತವಾಗಿರುವುದನ್ನು ಕಾಣುತ್ತೇವೆ. ಭೂಮಿಯು ಸೂರ್ಯನನ್ನು ಸುತ್ತುತ್ತದೆ ಎಂದು ಉತ್ತರ ಬರೆಯುವ ವಿದ್ಯಾರ್ಥಿಯು, ತನ್ನ ಮನೆಯಂಗಳದಲ್ಲಿ ಸೂರ್ಯನು ವರ್ಷದ ಎಲ್ಲ ದಿನಗಳಲ್ಲಿಯೂ ಒಂದೇ ಸ್ಥಳದಲ್ಲಿ ಮೂಡುವನೇ ಎಂಬ ಪ್ರಶ್ನೆಗೆ ತಡವರಿಸುತ್ತಾನೆ. ದೂರದರ್ಶಕವಿಲ್ಲ, ಪ್ರಯೋಗಾಲಯವಿಲ್ಲ ಎಂಬುದು ಇದಕ್ಕೆ ಸಾಮಾನ್ಯವಾಗಿ ನೀಡುವ ಸಮಾಧಾನ. ಈ ಸಮಾಧಾನ ಎಷ್ಟರಮಟ್ಟಿಗೆ ಸರಿ? ಜನಪದರ ಬದುಕಿನಲ್ಲಿ ಈಗಾಗಲೇ ಇರುವ ವಸ್ತುಗಳು, ಅಳತೆಗಳು ಮತ್ತು ಮಾತುಗಳು ಖಗೋಳ ಬೋಧನೆಗೆ ಹೇಗೆ ಒದಗಬಲ್ಲವು? ಹಾಗೆ ಒದಗುವಾಗ ಜನಪದ ನಂಬಿಕೆಗಳನ್ನು ಹೇಗೆ ಪರಿಶೀಲಿಸಬೇಕು? ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಗಳನ್ನು ಚರ್ಚಿಸಲಾಗಿದೆ.

1. ಹಿನ್ನೆಲೆ

ಭಾರತದಲ್ಲಿ ಕಡಿಮೆ ವೆಚ್ಚದ ಸಾಮಗ್ರಿಗಳಿಂದ ವಿಜ್ಞಾನ ಕಲಿಸುವ ಪ್ರಯತ್ನಕ್ಕೆ ಅರ್ಧ ಶತಮಾನದ ಇತಿಹಾಸವಿದೆ. 1972ರಲ್ಲಿ ಮಧ್ಯಪ್ರದೇಶದಲ್ಲಿ ಆರಂಭವಾಗಿ 2002ರವರೆಗೆ ನಡೆದ ಹೋಶಂಗಾಬಾದ್ ವಿಜ್ಞಾನ ಬೋಧನಾ ಕಾರ್ಯಕ್ರಮವು ಗ್ರಾಮೀಣ ಶಾಲೆಯ ಮಕ್ಕಳು ತಾವೇ ಪ್ರಯೋಗ ಮಾಡಿ ಕಲಿಯಬಲ್ಲರೆಂಬುದನ್ನು ತೋರಿಸಿಕೊಟ್ಟಿತು. ಅರವಿಂದ ಗುಪ್ತ ಅವರು ಬೆಂಕಿಕಡ್ಡಿ, ಹಳೆಯ ಸೈಕಲ್ ಟ್ಯೂಬು, ಬಿಸಾಡಿದ ಡಬ್ಬಿಗಳಿಂದ ಆಟಿಕೆಗಳನ್ನು ರಚಿಸಿ ಈ ಚಿಂತನೆಯನ್ನು ದೇಶದಾದ್ಯಂತ ಹರಡಿದರು. ಜನವಿಜ್ಞಾನ ಚಳುವಳಿಗಳು 1995ರ ಅಕ್ಟೋಬರ್ 24ರ ಸೂರ್ಯಗ್ರಹಣ, 2004ರ ಜೂನ್ 8 ಮತ್ತು 2012ರ ಜೂನ್ 6ರ ಶುಕ್ರ ಸಂಕ್ರಮಣಗಳನ್ನು ಬಳಸಿಕೊಂಡು ಹಗಲಿನ ಖಗೋಳ ವೀಕ್ಷಣೆಯನ್ನು ಜನಪ್ರಿಯಗೊಳಿಸಿದವು.

ಕರ್ನಾಟಕದಲ್ಲಿ 1980ರಲ್ಲಿ ಸ್ಥಾಪನೆಗೊಂಡ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು, 1989ರಲ್ಲಿ ಆರಂಭವಾದ ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯ ಈ ಕ್ಷೇತ್ರದಲ್ಲಿ ಗಮನಾರ್ಹ ಕೆಲಸ ಮಾಡಿವೆ. ಜಿ. ಟಿ. ನಾರಾಯಣರಾವ್ ಅವರಂತಹ ಲೇಖಕರು ಬರಿಗಣ್ಣಿನಿಂದ ನಕ್ಷತ್ರಗಳನ್ನು ಗುರುತಿಸುವ ಕ್ರಮವನ್ನು ಕನ್ನಡದಲ್ಲಿಯೇ ತಿಳಿಸಿಕೊಟ್ಟರು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಶಾಲೆಯ ಜ್ಞಾನವನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕೆಂಬುದನ್ನು ತನ್ನ ಮಾರ್ಗದರ್ಶಿ ತತ್ತ್ವಗಳಲ್ಲಿ ಒಂದಾಗಿ ಇರಿಸಿಕೊಂಡಿತು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಈ ಪ್ರಯತ್ನಗಳಲ್ಲಿ ‘ಕಡಿಮೆ ವೆಚ್ಚ’ ಎಂಬುದನ್ನು ಬಹುತೇಕ ಹಣದ ದೃಷ್ಟಿಯಿಂದ ನೋಡಲಾಗಿದೆ. ಜಾನಪದ ಅಧ್ಯಯನದ ದೃಷ್ಟಿಯಿಂದ ನೋಡಿದಾಗ ಇದಕ್ಕೆ ಇನ್ನೊಂದು ಅರ್ಥವಿದೆ. ಒನಕೆ, ಜರಡಿ, ಕರಟ, ರಂಗೋಲಿ ಇವು ಅಗ್ಗದ ವಸ್ತುಗಳು ಮಾತ್ರವಲ್ಲ. ಮಗುವಿನ ಕೈಗೂ ಮನಸ್ಸಿಗೂ ಮೊದಲೇ ಪರಿಚಿತವಾದ ವಸ್ತುಗಳು. ಅವುಗಳ ಜೊತೆಗೆ ಒಂದು ಭಾಷೆಯೂ ಒಂದು ನಂಬಿಕೆಯ ಲೋಕವೂ ತರಗತಿಯೊಳಕ್ಕೆ ಬರುತ್ತವೆ.

2. ಭಾಷೆಯೊಳಗಿನ ಆಕಾಶ

ಕನ್ನಡದ ಆಡುಮಾತಿನಲ್ಲಿ ಖಗೋಳ ಜ್ಞಾನದ ಅನೇಕ ಎಳೆಗಳು ಉಳಿದುಕೊಂಡಿವೆ. ‘ತಿಂಗಳು’ ಎಂಬ ಒಂದೇ ಪದ ಚಂದ್ರನನ್ನೂ ಮಾಸವನ್ನೂ ಸೂಚಿಸುತ್ತದೆ. ಮಾಸವೆಂಬ ಕಾಲಮಾನ ಚಂದ್ರನ ವೃದ್ಧಿಕ್ಷಯಗಳಿಂದ ಹುಟ್ಟಿತೆಂಬುದನ್ನು ಪ್ರತ್ಯೇಕವಾಗಿ ವಿವರಿಸುವ ಅಗತ್ಯವೇ ಇಲ್ಲ. ‘ಬೆಳ್ಳಿ ಮೂಡುವ ಹೊತ್ತು’ ಎಂಬ ಮಾತಿನಲ್ಲಿ ಬೆಳಗಿನ ಶುಕ್ರಗ್ರಹದ ವೀಕ್ಷಣೆ ಅಡಗಿದೆ. ‘ಹೊತ್ತು’ ಎಂಬುದು ಸೂರ್ಯನೂ ಹೌದು, ಸಮಯವೂ ಹೌದು.

‘ಹೊತ್ತು ಮಾರುದ್ದ ಏರಿತು’ ಎಂಬ ರೂಢಿಯ ಮಾತನ್ನು ವಿಶೇಷವಾಗಿ ಪರಿಶೀಲಿಸಬೇಕು. ಮಾರು ಎಂಬುದು ಉದ್ದದ ಅಳತೆ; ಎರಡು ತೋಳುಗಳನ್ನು ಚಾಚಿದಾಗಿನ ಅಂತರ. ಆಕಾಶದಲ್ಲಿ ಅಳೆಯಬೇಕಾದದ್ದಾದರೋ ಕೋನ. ಜನಪದರು ದೇಹದ ಅಳತೆಯನ್ನೇ ಆಕಾಶಕ್ಕೆ ಹಚ್ಚಿದ್ದಾರೆ. ಇದು ತಪ್ಪೆಂದು ತಳ್ಳಿಹಾಕುವುದಕ್ಕಿಂತ ಇದನ್ನೇ ಬೋಧನೆಯ ಮೊದಲ ಮೆಟ್ಟಿಲನ್ನಾಗಿ ಮಾಡಿಕೊಳ್ಳಬಹುದು. ತೋಳನ್ನು ಪೂರ್ತಿಯಾಗಿ ಚಾಚಿ ಹಿಡಿದಾಗ ಕಿರುಬೆರಳಿನ ಅಗಲ ಸುಮಾರು 1 ಅಂಶ, ಮುಷ್ಟಿ ಸುಮಾರು 10 ಅಂಶ, ಒಂದು ಗೇಣು ಸುಮಾರು 20 ಅಂಶಗಳನ್ನು ಮರೆಮಾಡುತ್ತವೆ. ಮಗುವಿನ ಕೈ ಚಿಕ್ಕದಾದರೆ ತೋಳೂ ಚಿಕ್ಕದಾಗಿರುವುದರಿಂದ ಈ ಪ್ರಮಾಣ ಹೆಚ್ಚು ವ್ಯತ್ಯಾಸವಾಗುವುದಿಲ್ಲ. ಧ್ರುವನಕ್ಷತ್ರದ ಎತ್ತರವು ಆಯಾ ಊರಿನ ಅಕ್ಷಾಂಶಕ್ಕೆ ಸರಿಸುಮಾರು ಸಮನಾದುದರಿಂದ, ಬೆಂಗಳೂರಿನಲ್ಲಿ ಅದು ಉತ್ತರ ದಿಗಂತದಿಂದ ಒಂದು ಮುಷ್ಟಿಯೂ ಮೂರು ಕಿರುಬೆರಳೂ ಮೇಲೆ ಕಾಣುತ್ತದೆ. ಬೀದರಿನಲ್ಲಿ ಹೆಚ್ಚುಕಡಿಮೆ ಒಂದು ಗೇಣಿನಷ್ಟು ಮೇಲಿರುತ್ತದೆ. ಹೀಗೆ ಕಾಸಿನ ಖರ್ಚಿಲ್ಲದೆ ಮಗು ತನ್ನ ಊರು ಭೂಗೋಳದ ಮೇಲೆ ಎಲ್ಲಿದೆಯೆಂಬುದನ್ನು ಕೈಯಿಂದಲೇ ಅಳೆಯಬಲ್ಲುದು.

‘ಚುಕ್ಕಿ’ ಎಂಬ ಪದಕ್ಕೂ ಇಂತಹುದೇ ಮಹತ್ವವಿದೆ. ನಕ್ಷತ್ರವೂ ಚುಕ್ಕಿ, ರಂಗೋಲಿಯ ಬಿಂದುವೂ ಚುಕ್ಕಿ. ಚುಕ್ಕಿಗಳನ್ನು ಗೆರೆಯಿಂದ ಕೂಡಿಸಿ ಆಕೃತಿ ಮೂಡಿಸುವ ಕೌಶಲ ನಮ್ಮ ಹೆಣ್ಣುಮಕ್ಕಳಿಗೆ ಬಾಲ್ಯದಿಂದಲೇ ಸಿದ್ಧಿಸಿರುತ್ತದೆ. ನಕ್ಷತ್ರಪುಂಜವೆಂದರೆ ಇದೇ ಕ್ರಿಯೆಯ ಆಕಾಶರೂಪ. ರಟ್ಟಿನ ಮೇಲೆ ಸಪ್ತರ್ಷಿ ಮಂಡಲದ ಅಥವಾ ವೃಶ್ಚಿಕದ ಚುಕ್ಕಿಗಳನ್ನು ಗುರುತಿಸಿ, ಸೂಜಿಯಿಂದ ರಂಧ್ರ ಮಾಡಿ, ದೀಪದೆದುರು ಹಿಡಿದರೆ ಒಂದು ಸಣ್ಣ ತಾರಾಲಯವೇ ಸಿದ್ಧವಾಗುತ್ತದೆ. ಒಂದೇ ಚುಕ್ಕಿಗಳಿಂದ ಬೇರೆ ಬೇರೆ ಜನ ಬೇರೆ ಬೇರೆ ಆಕೃತಿಗಳನ್ನು ಕಂಡಿದ್ದಾರೆಂಬ ಅರಿವೂ ಇಲ್ಲಿ ಮೂಡುತ್ತದೆ. ಪುರಾಣವು ಏಳು ಋಷಿಗಳನ್ನು ಕಂಡ ಸಪ್ತರ್ಷಿ ಮಂಡಲದ ನಾಲ್ಕು ನಕ್ಷತ್ರಗಳಲ್ಲಿ ಮಧ್ಯಭಾರತದ ಗೊಂಡರು ಒಂದು ಮಂಚವನ್ನೂ ಉಳಿದ ಮೂರರಲ್ಲಿ ಅದನ್ನು ಕದಿಯಹೊರಟ ಕಳ್ಳರನ್ನೂ ಕಂಡಿದ್ದಾರೆ.

3. ಒನಕೆಯೆಂಬ ಶಂಕು

ಭಾರತೀಯ ಖಗೋಳಶಾಸ್ತ್ರದ ಅತ್ಯಂತ ಸರಳ ಉಪಕರಣ ಶಂಕು. ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳಿನಿಂದ ದಿಕ್ಕು, ಕಾಲ, ಅಕ್ಷಾಂಶಗಳನ್ನು ತಿಳಿಯುವ ಕ್ರಮ ಶುಲ್ಬಸೂತ್ರಗಳ ಕಾಲದಿಂದಲೂ ಬಂದಿದೆ. ಸಿದ್ಧಾಂತ ಗ್ರಂಥಗಳಲ್ಲಿ ಶಂಕುವಿಗೆ 12 ಅಂಗುಲ ಎತ್ತರವನ್ನು ಹೇಳಲಾಗಿದೆ. ಹಳ್ಳಿಯ ಮನೆಗಳಲ್ಲಿ ಈ ಉಪಕರಣಕ್ಕೆ ಬದಲಾಗಿ ಒನಕೆಯನ್ನು ಬಳಸಿಕೊಳ್ಳಬಹುದು. ಸಮತಟ್ಟಾದ ಅಂಗಳದಲ್ಲಿ ಒನಕೆಯನ್ನು ನಿಲ್ಲಿಸಿ, ದಾರಕ್ಕೆ ಕಲ್ಲು ಕಟ್ಟಿದ ತೂಗುಗುಂಡಿನಿಂದ ಅದು ನೆಟ್ಟಗಿದೆಯೇ ಎಂದು ನೋಡಿಕೊಳ್ಳಬೇಕು. ಅದರ ಬುಡವನ್ನು ಕೇಂದ್ರವಾಗಿಟ್ಟು ನೆಲದ ಮೇಲೆ ಒಂದು ವೃತ್ತವನ್ನೆಳೆಯಬೇಕು. ಬೆಳಿಗ್ಗೆ ನೆರಳಿನ ತುದಿ ವೃತ್ತವನ್ನು ಒಳಹೊಗುವ ಬಿಂದುವನ್ನೂ ಮಧ್ಯಾಹ್ನದ ನಂತರ ಹೊರಹೋಗುವ ಬಿಂದುವನ್ನೂ ಗುರುತಿಸಿ ಕೂಡಿಸಿದರೆ ಪೂರ್ವ-ಪಶ್ಚಿಮ ರೇಖೆ ದೊರೆಯುತ್ತದೆ. ಅದಕ್ಕೆ ಲಂಬವಾಗಿ ಎಳೆದ ಗೆರೆಯೇ ಉತ್ತರ-ದಕ್ಷಿಣ. ಈ ಗೆರೆಯ ಮೇಲೆ ನೆರಳು ಬಿದ್ದ ಕ್ಷಣವೇ ಆ ಊರಿನ ನಿಜವಾದ ನಡುಹಗಲು.

ಈ ನಡುಹಗಲು ಗಡಿಯಾರದ 12 ಗಂಟೆಗೆ ಬರುವುದಿಲ್ಲ. ಭಾರತದ ಅಧಿಕೃತ ಸಮಯವನ್ನು 82.5 ಅಂಶ ಪೂರ್ವ ರೇಖಾಂಶಕ್ಕೆ ನಿಗದಿಪಡಿಸಲಾಗಿದೆ. ಬೆಂಗಳೂರು ಸುಮಾರು 77.6 ಅಂಶದಲ್ಲಿರುವುದರಿಂದ ಅಲ್ಲಿ ಸರಾಸರಿ ನಡುಹಗಲು 12 ಗಂಟೆ 20 ನಿಮಿಷಕ್ಕೆ ಸಂಭವಿಸುತ್ತದೆ. ಋತುವಿಗನುಗುಣವಾಗಿ ಇದು ನವೆಂಬರ್ ಆರಂಭದಲ್ಲಿ ಸುಮಾರು 12-03ಕ್ಕೂ ಫೆಬ್ರವರಿ ನಡುವಿನಲ್ಲಿ ಸುಮಾರು 12-34ಕ್ಕೂ ಸರಿಯುತ್ತದೆ. ‘ಹೊತ್ತು ನೆತ್ತಿಗೆ ಬಂತು’ ಎನ್ನುವ ಕೃಷಿಕನ ಕಾಲವೂ ಗಡಿಯಾರದ ಕಾಲವೂ ಏಕೆ ಬೇರೆ ಎಂಬುದನ್ನು ಒಂದು ಒನಕೆ ವಿವರಿಸಬಲ್ಲುದು.

ನಿಜಕ್ಕೂ ಹೊತ್ತು ನೆತ್ತಿಗೆ ಬರುವುದು ವರ್ಷದಲ್ಲಿ ಎರಡು ದಿನ ಮಾತ್ರ. ಕರ್ನಾಟಕವು ಸಂಪೂರ್ಣವಾಗಿ ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕಿರುವುದರಿಂದ ರಾಜ್ಯದ ಪ್ರತಿಯೊಂದು ಊರಿಗೂ ಎರಡು ಶೂನ್ಯ ನೆರಳಿನ ದಿನಗಳಿವೆ. ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ, ಧಾರವಾಡ-ಹುಬ್ಬಳ್ಳಿಗಳಲ್ಲಿ ಮೇ ಮೊದಲ ವಾರ ಮತ್ತು ಆಗಸ್ಟ್ 10ರ ಸುಮಾರಿಗೆ, ಬೀದರಿನಲ್ಲಿ ಮೇ 12 ಮತ್ತು ಆಗಸ್ಟ್ 1ರ ಸುಮಾರಿಗೆ ಇದು ಸಂಭವಿಸುತ್ತದೆ. ಈ ಎರಡು ದಿನಗಳ ನಡುವಣ ಅವಧಿಯಲ್ಲಿ ನಡುಹಗಲಿನ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಬೆಂಗಳೂರಿನಲ್ಲಿ ಒಂದು ಮೀಟರ್ ಎತ್ತರದ ಕೋಲಿನ ನಡುಹಗಲ ನೆರಳು ಜೂನ್ 21ರಂದು ದಕ್ಷಿಣಕ್ಕೆ ಸುಮಾರು 18 ಸೆಂ.ಮೀ. ಇದ್ದರೆ, ಡಿಸೆಂಬರ್ 22ರಂದು ಉತ್ತರಕ್ಕೆ ಸುಮಾರು 74 ಸೆಂ.ಮೀ. ಇರುತ್ತದೆ.

ವಿಷುವದ್ದಿನದ ಅಳತೆ ಇನ್ನೂ ದೊಡ್ಡ ಸತ್ಯವನ್ನು ತೋರಿಸುತ್ತದೆ. ಬೆಂಗಳೂರು ಮತ್ತು ಬೀದರ್ ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ. ಮಾರ್ಚ್ ಅಥವಾ ಸೆಪ್ಟೆಂಬರಿನ ವಿಷುವದ್ದಿನದಂದು ಒಂದು ಮೀಟರ್ ಕೋಲಿನ ನೆರಳು ಬೆಂಗಳೂರಿನಲ್ಲಿ ಸುಮಾರು 23 ಸೆಂ.ಮೀ., ಬೀದರಿನಲ್ಲಿ ಸುಮಾರು 32 ಸೆಂ.ಮೀ. ಇರುತ್ತದೆ. ಎರಡೂ ಊರಿನ ಶಾಲೆಗಳು ಈ ಅಳತೆಗಳನ್ನು ಪರಸ್ಪರ ತಿಳಿಸಿಕೊಂಡು ಕೋನಗಳನ್ನು ಕಂಡುಕೊಂಡರೆ ಸುಮಾರು 5 ಅಂಶಗಳ ವ್ಯತ್ಯಾಸ ದೊರೆಯುತ್ತದೆ. ಎರಡು ಊರುಗಳ ನಡುವಣ ನೇರ ಅಂತರ ಸುಮಾರು 550 ಕಿ.ಮೀ. ಇದರಿಂದ ಭೂಮಿಯ ಸುತ್ತಳತೆ 40,000 ಕಿ.ಮೀ.ಗೆ ಸಮೀಪವೆಂದು ಮಕ್ಕಳೇ ಲೆಕ್ಕ ಹಾಕಬಹುದು. ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಎರಟೋಸ್ತನೀಸನು ಈಜಿಪ್ಟಿನಲ್ಲಿ ಅನುಸರಿಸಿದ ತರ್ಕ ಇದೇ ಆಗಿದೆ. ಸೂರ್ಯನು ಬಿಂದುವಾಗಿರದೆ ಅರ್ಧ ಅಂಶದಷ್ಟು ಅಗಲವಾಗಿ ಕಾಣುವುದರಿಂದ ನೆರಳಿನ ತುದಿ ಸುಮಾರು ಒಂದು ಸೆಂ.ಮೀ.ನಷ್ಟು ಮಸುಕಾಗಿರುತ್ತದೆ. ಒಂದು ಸೆಂ.ಮೀ. ತಪ್ಪಿದರೆ ಉತ್ತರದಲ್ಲಿ ಹತ್ತಕ್ಕೆ ಒಂದು ಪಾಲಿನಷ್ಟು ದೋಷ ಬರುತ್ತದೆ. ಈ ದೋಷವನ್ನು ಮುಚ್ಚಿಡದೆ ಚರ್ಚಿಸುವುದು ವಿಜ್ಞಾನ ಬೋಧನೆಯ ಮುಖ್ಯ ಭಾಗ.

4. ಮಳೆ ನಕ್ಷತ್ರಗಳು: ಕಾಣದ ಚುಕ್ಕಿಯ ಲೆಕ್ಕ

ಕರ್ನಾಟಕದ ಕೃಷಿ ಜನಪದದಲ್ಲಿ ಮಳೆಗಳನ್ನು ನಕ್ಷತ್ರಗಳ ಹೆಸರಿನಿಂದ ಕರೆಯುವ ಪದ್ಧತಿ ಸರ್ವವ್ಯಾಪಿಯಾದುದು. ಅಶ್ವಿನಿಯಿಂದ ವಿಶಾಖೆಯವರೆಗಿನ ಮಳೆಗಳನ್ನು ಕುರಿತ ಗಾದೆಗಳು ಯಾವ ಬಿತ್ತನೆ ಯಾವಾಗ, ಯಾವ ಮಳೆ ಯಾವ ಬೆಳೆಗೆ ಹಿತ ಎಂಬುದನ್ನು ಅಡಕವಾಗಿ ಹೇಳುತ್ತವೆ. ತುಳುನಾಡಿನಲ್ಲಿ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಯಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಸಂಪ್ರದಾಯವಿದೆ. ಸೂರ್ಯನು ವೃಷಭ ರಾಶಿಯ ಹತ್ತನೆಯ ಅಂಶವನ್ನು ತಲುಪಿ ರೋಹಿಣಿ ಮಳೆ ಹುಟ್ಟುವ ದಿನಗಳೂ ಇವೇ. ಮುಂಗಾರಿನ ಆಗಮನಕ್ಕೂ ಕಲಾಪ್ರದರ್ಶನದ ವಿರಾಮಕ್ಕೂ ಇರುವ ಸಂಬಂಧ ಇಲ್ಲಿ ಸ್ಪಷ್ಟವಾಗಿದೆ.

ಈ ವ್ಯವಸ್ಥೆಯ ಖಗೋಳ ಆಧಾರ ಸರಳವಾಗಿದೆ. ಸೂರ್ಯನ ವಾರ್ಷಿಕ ಪಥವನ್ನು 27 ಭಾಗ ಮಾಡಿದರೆ ಪ್ರತಿಯೊಂದು ನಕ್ಷತ್ರಕ್ಕೆ 13 ಅಂಶ 20 ಕಲೆಗಳು ಬರುತ್ತವೆ. ಸೂರ್ಯನು ಅದನ್ನು ದಾಟಲು 13ರಿಂದ 14 ದಿನ ತೆಗೆದುಕೊಳ್ಳುತ್ತಾನೆ. ಆದರೆ ವಿದ್ಯಾರ್ಥಿಗಳಲ್ಲಿ ಒಂದು ಗೊಂದಲ ಸಹಜವಾಗಿ ಉಂಟಾಗುತ್ತದೆ. ರೋಹಿಣಿ ಮಳೆಯ ಕಾಲದಲ್ಲಿ ರಾತ್ರಿ ಆಕಾಶವನ್ನೆಲ್ಲ ಹುಡುಕಿದರೂ ರೋಹಿಣಿ ನಕ್ಷತ್ರ ಕಾಣುವುದಿಲ್ಲ. ಅದು ಸೂರ್ಯನ ಜೊತೆಯಲ್ಲಿಯೇ ಮೂಡಿ ಮುಳುಗುತ್ತಿರುತ್ತದೆ. ಹಾಗಾದರೆ ಸೂರ್ಯನು ರೋಹಿಣಿಯಲ್ಲಿದ್ದಾನೆಂದು ತಿಳಿದುದು ಹೇಗೆ? ಎದುರಿನ ಆಕಾಶವನ್ನು ನೋಡಿ. ಆಕಾಶದಲ್ಲಿ ರೋಹಿಣಿಗೆ ಹೆಚ್ಚುಕಡಿಮೆ ನೇರ ಎದುರಾಗಿ ಕೆಂಪು ಬಣ್ಣದ ಜ್ಯೇಷ್ಠಾ ನಕ್ಷತ್ರವಿದೆ. ಮೇ ಕೊನೆ ಮತ್ತು ಜೂನ್ ಆರಂಭದಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಜ್ಯೇಷ್ಠಾ ಆಗ್ನೇಯ ದಿಕ್ಕಿನಲ್ಲಿ ಮೇಲೇರುತ್ತದೆ. ಮೋಡವಿಲ್ಲದ ಸಂಜೆ ಇದನ್ನು ಕಂಡ ಮಗು ಕಾಣದ ರೋಹಿಣಿಯ ಸ್ಥಾನವನ್ನು ತರ್ಕದಿಂದ ಅರಿಯುತ್ತದೆ.

ಇದನ್ನು ಕಲಿಸಲು ರಟ್ಟಿನ ಎರಡು ಬಿಲ್ಲೆಗಳು ಸಾಕು. ದೊಡ್ಡ ಬಿಲ್ಲೆಯ ಅಂಚಿನಲ್ಲಿ 27 ನಕ್ಷತ್ರಗಳನ್ನು ಬರೆದು, ನಡುವೆ ತಿರುಗುವ ಚಿಕ್ಕ ಬಿಲ್ಲೆಯ ಮೇಲೆ ಸೂರ್ಯನನ್ನು ಒಂದು ಬದಿಗೂ ‘ನಡುರಾತ್ರಿಯ ಆಕಾಶ’ ಎಂಬ ಗುರುತನ್ನು ಎದುರು ಬದಿಗೂ ಇಡಬೇಕು. ಹಿರಿಯರಿಂದ ಸಂಗ್ರಹಿಸಿದ ಮಳೆಗಾದೆಗಳನ್ನು ಆಯಾ ನಕ್ಷತ್ರದ ಮನೆಯಲ್ಲಿ ಬರೆಸಬಹುದು. ಆಗ ಗಾದೆಯ ಸಂಗ್ರಹ ಮತ್ತು ಖಗೋಳದ ಪಾಠ ಒಂದೇ ಕೆಲಸವಾಗುತ್ತವೆ.

ಇಲ್ಲಿ ಒಂದು ಎಚ್ಚರ ಅಗತ್ಯ. ನಕ್ಷತ್ರಗಳನ್ನು ಆಧರಿಸಿದ ವರ್ಷವು ಋತುಗಳನ್ನು ಆಧರಿಸಿದ ವರ್ಷಕ್ಕಿಂತ ಸುಮಾರು 20 ನಿಮಿಷ ದೀರ್ಘವಾದುದು. ಆದ್ದರಿಂದ ಸುಮಾರು 72 ವರ್ಷಗಳಿಗೆ ಒಂದು ದಿನದಂತೆ ನಕ್ಷತ್ರಕಾಲವು ಋತುವಿನಿಂದ ಹಿಂದೆ ಬೀಳುತ್ತದೆ. ಉತ್ತರಾಯಣದ ಪುಣ್ಯಕಾಲವೆಂದು ಆಚರಿಸುವ ಮಕರ ಸಂಕ್ರಾಂತಿ ಈಗ ಜನವರಿ 14 ಅಥವಾ 15ಕ್ಕೆ ಬರುತ್ತದೆ; ಸೂರ್ಯನು ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ರಂದು. ಬೆಂಗಳೂರಿನಲ್ಲಿ ಡಿಸೆಂಬರ್ 22ರಂದು 74 ಸೆಂ.ಮೀ. ಇದ್ದ ನೆರಳು ಸಂಕ್ರಾಂತಿಯ ವೇಳೆಗೆ 68 ಸೆಂ.ಮೀ.ಗೆ ಇಳಿದಿರುತ್ತದೆ. ಹಬ್ಬವನ್ನು ಅಲ್ಲಗಳೆಯದೆಯೂ ಈ ವ್ಯತ್ಯಾಸವನ್ನು ಮಗು ಸ್ವತಃ ಅಳೆದು ನೋಡಬಹುದು. ಬೆಂಗಳೂರಿನ ಗವಿ ಗಂಗಾಧರೇಶ್ವರ ದೇವಾಲಯದಲ್ಲಿ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ಗವಿಯೊಳಗಿನ ಲಿಂಗವನ್ನು ತಲುಪುವುದು ಪ್ರಸಿದ್ಧ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನವು ನವೆಂಬರ್ ಕೊನೆಯ ಸುಮಾರಿಗೂ ಹೀಗೆಯೇ ಬೆಳಕು ಬೀಳುವುದನ್ನು ತೋರಿಸಿತು. ಡಿಸೆಂಬರ್ ತಿರುವಿಗೆ ಹಿಂದೆಯೂ ಮುಂದೆಯೂ ಸಮಾನ ದಿನಗಳ ಅಂತರದಲ್ಲಿ ಸೂರ್ಯನು ಅದೇ ಪಥವನ್ನು ಎರಡು ಬಾರಿ ತುಳಿಯುವುದೇ ಇದಕ್ಕೆ ಕಾರಣ. ಶೂನ್ಯ ನೆರಳಿನ ದಿನ ಎರಡು ಸಲ ಬರುವುದಕ್ಕೂ ಇದೇ ಕಾರಣ.

5. ಗ್ರಹಣ: ನಂಬಿಕೆ ಮತ್ತು ಪರೀಕ್ಷೆ

ಜನಪದ ಆಕಾಶಜ್ಞಾನದ ಇನ್ನೊಂದು ಮುಖ ಭಯದ್ದು. 1980ರ ಫೆಬ್ರವರಿ 16ರ ಖಗ್ರಾಸ ಸೂರ್ಯಗ್ರಹಣದ ಪೂರ್ಣನೆರಳು ಉತ್ತರ ಕನ್ನಡದ ಕರಾವಳಿ, ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾದುಹೋಯಿತು. ವಿಜ್ಞಾನಿಗಳು ದೂರದೂರದಿಂದ ಇಲ್ಲಿಗೆ ಬಂದರೆ, ಜನರಲ್ಲಿ ಅನೇಕರು ಬಾಗಿಲು ಮುಚ್ಚಿ ಮನೆಯೊಳಗೆ ಉಳಿದರು. 2019ರ ಡಿಸೆಂಬರ್ 26ರಂದು ದಕ್ಷಿಣ ಕನ್ನಡ, ಕೊಡಗು ಭಾಗಗಳಲ್ಲಿ ಕಂಕಣ ಗ್ರಹಣವನ್ನು ಸಾವಿರಾರು ಜನ ಸಂಭ್ರಮದಿಂದ ವೀಕ್ಷಿಸಿದರು. ಅದೇ ದಿನ ಕಲಬುರಗಿ ಜಿಲ್ಲೆಯಲ್ಲಿ, ಗುಣವಾಗುವುದೆಂಬ ನಂಬಿಕೆಯಿಂದ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತ ಘಟನೆ ವರದಿಯಾಯಿತು. ಖಗೋಳ ಬೋಧನೆಯನ್ನು ಕೇವಲ ಕುತೂಹಲದ ವಿಷಯವೆಂದು ಬದಿಗಿಡಲಾಗದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಗ್ರಹಣಕಾಲದಲ್ಲಿ ತಟ್ಟೆಯ ನೀರಿನಲ್ಲಿ ಒನಕೆಯನ್ನು ನಿಲ್ಲಿಸುವ ಪದ್ಧತಿ ನಾಡಿನ ಅನೇಕ ಕಡೆ ಇದೆ. ಗ್ರಹಣ ಹಿಡಿದಿರುವವರೆಗೆ ಒನಕೆ ತಾನೇ ನಿಲ್ಲುತ್ತದೆ, ಬಿಟ್ಟೊಡನೆ ಬೀಳುತ್ತದೆ ಎಂಬುದು ನಂಬಿಕೆ. ಇದನ್ನು ಹಾಸ್ಯ ಮಾಡುವ ಬದಲು ಪರೀಕ್ಷೆಗೆ ಒಡ್ಡುವುದು ಸೂಕ್ತ. ಗ್ರಹಣವಿಲ್ಲದ ಯಾವುದೇ ದಿನ ಅದೇ ತಟ್ಟೆಯಲ್ಲಿ ಅದೇ ಒನಕೆಯನ್ನು ತಾಳ್ಮೆಯಿಂದ ನಿಲ್ಲಿಸಿ ನೋಡಬೇಕು. ಬುಡ ಸಮತಟ್ಟಾಗಿದ್ದು ಭಾರ ಸರಿಯಾಗಿ ಹಂಚಿಕೆಯಾಗಿದ್ದರೆ ಅದು ಅಂದೂ ನಿಲ್ಲುತ್ತದೆ. ಹೋಲಿಕೆಗೆ ಇನ್ನೊಂದು ದಿನವನ್ನು ಇಟ್ಟುಕೊಳ್ಳುವುದು ವೈಜ್ಞಾನಿಕ ವಿಧಾನದ ತಿರುಳು. ಮಗುವಿಗೆ ಅದು ಅಜ್ಜಿಯ ಒನಕೆಯಿಂದಲೇ ತಿಳಿಯುತ್ತದೆ, ಅಜ್ಜಿಯೂ ಆ ಪರೀಕ್ಷೆಯಲ್ಲಿ ಪಾಲ್ಗೊಳ್ಳಬಹುದು.

ಗ್ರಹಣವನ್ನು ಸಗಣಿ ನೀರಿನಲ್ಲಿಯೋ ಅರಿಸಿನದ ನೀರಿನಲ್ಲಿಯೋ ಪ್ರತಿಬಿಂಬವಾಗಿ ನೋಡುವ ರೂಢಿಯ ಬಗ್ಗೆ ಬೇರೆಯ ತೀರ್ಮಾನ ಅಗತ್ಯ. ನೇರವಾಗಿ ನೋಡಬಾರದೆಂಬ ಅದರ ಮೂಲ ವಿವೇಕ ಸರಿಯಾದುದೇ. ಆದರೆ ನೀರಿನ ಮೇಲ್ಮೈ ಬೆಳಕಿನ ನೂರಕ್ಕೆ ಸುಮಾರು ಎರಡು ಪಾಲನ್ನು ಪ್ರತಿಫಲಿಸುತ್ತದೆ. ಕಣ್ಣಿಗೆ ಸುರಕ್ಷಿತವಾದ ಸೋಸುಗವು ಲಕ್ಷದಲ್ಲಿ ಕೆಲವೇ ಪಾಲನ್ನು ಬಿಡುತ್ತದೆ. ಆದ್ದರಿಂದ ಈ ಕ್ರಮವನ್ನು ಮಕ್ಕಳಿಗೆ ಕಲಿಸಬಾರದು. ಇದಕ್ಕೆ ಬದಲಾಗಿ ಅಡುಗೆಮನೆಯ ಜರಡಿಯನ್ನು ಸೂರ್ಯನಿಗೆ ಬೆನ್ನು ಮಾಡಿ ಹಿಡಿದರೆ ಅದರ ಒಂದೊಂದು ರಂಧ್ರವೂ ನೆಲದ ಮೇಲೆ ಕುಡುಗೋಲಿನಾಕಾರದ ಸೂರ್ಯನನ್ನು ಮೂಡಿಸುತ್ತದೆ. ಮರದ ಎಲೆಗಳ ಸಂದಿನಿಂದಲೂ ಇದೇ ದೃಶ್ಯ ಕಾಣುತ್ತದೆ.

ಗ್ರಹಣವಿಲ್ಲದ ದಿನಗಳಲ್ಲಿ ಚೆಂಡುಗನ್ನಡಿಯನ್ನು ಬಳಸಬಹುದು. ಮರಳು ತುಂಬಿದ ಪ್ಲಾಸ್ಟಿಕ್ ಚೆಂಡಿಗೆ ಸಣ್ಣ ಕನ್ನಡಿ ಚೂರನ್ನು ಅಂಟಿಸಿ, ಅದರ ಮೇಲೆ ಬೆರಳಿನ ಅಗಲಕ್ಕಿಂತ ಕಿರಿದಾದ ರಂಧ್ರವುಳ್ಳ ಕಾಗದವನ್ನು ಹೊದಿಸಿ, ಒಂದು ಸಿಂಬಿಯ ಮೇಲೆ ಕೂರಿಸಿದರೆ ಉಪಕರಣ ಸಿದ್ಧ. ನೀರಿನ ಕೊಡವನ್ನು ಹೊರುವ ಸಿಂಬಿ ಇಲ್ಲಿ ಯಾವ ದಿಕ್ಕಿಗಾದರೂ ತಿರುಗಿಸಬಲ್ಲ ಪೀಠವಾಗುತ್ತದೆ. 20 ಮೀಟರ್ ದೂರದ ಕತ್ತಲೆ ಕೋಣೆಯ ಗೋಡೆಯ ಮೇಲೆ ಸುಮಾರು 18-19 ಸೆಂ.ಮೀ. ಅಗಲದ ಸೂರ್ಯಬಿಂಬ ಮೂಡುತ್ತದೆ. ದೂರವನ್ನು ಬಿಂಬದ ಅಗಲದಿಂದ ಭಾಗಿಸಿದರೆ ಸುಮಾರು 108 ಬರುತ್ತದೆ. ಸೂರ್ಯನ ದೂರ ಅವನ ವ್ಯಾಸದ ಅಷ್ಟು ಪಟ್ಟು ಎಂದು ಇದರ ಅರ್ಥ. 27 ನಕ್ಷತ್ರಗಳ ನಾಲ್ಕು ಪಾದಗಳನ್ನು ಕೂಡಿಸಿದಾಗಲೂ 108 ಬರುತ್ತದೆ. ಆದರೆ ಈ ಹೊಂದಿಕೆ ಆಕಸ್ಮಿಕ. ಪೂರ್ವಜರಿಗೆ ಇಲ್ಲದ ಹೆಗ್ಗಳಿಕೆಯನ್ನು ಆರೋಪಿಸುವುದು ಅವರಿಗಿದ್ದ ನಿಜವಾದ ತಿಳಿವಳಿಕೆಗೆ ಗೌರವ ತರುವುದಿಲ್ಲ.

6. ಚಂದ್ರನ ಕಲೆ ಮತ್ತು ಗಳಿಗೆ ಬಟ್ಟಲು

ಚಂದ್ರನ ಕಲೆಗಳಿಗೆ ಭೂಮಿಯ ನೆರಳೇ ಕಾರಣವೆಂಬ ತಪ್ಪು ಕಲ್ಪನೆ ವ್ಯಾಪಕವಾಗಿದೆ. ಹಗಲಿನಲ್ಲಿ ಚಂದ್ರನು ಕಾಣುವ ದಿನ, ಉದಾಹರಣೆಗೆ ಶುಕ್ಲಪಕ್ಷದ ಅಷ್ಟಮಿಯ ಇಳಿಹೊತ್ತಿನಲ್ಲಿ, ಒಂದು ನಿಂಬೆಹಣ್ಣನ್ನು ಕಡ್ಡಿಗೆ ಚುಚ್ಚಿ ಚಂದ್ರನ ಪಕ್ಕಕ್ಕೆ ಬರುವಂತೆ ಬಿಸಿಲಿನಲ್ಲಿ ಎತ್ತಿ ಹಿಡಿದರೆ ಹಣ್ಣಿನ ಬೆಳಗಿದ ಭಾಗವೂ ಚಂದ್ರನ ಬೆಳಗಿದ ಭಾಗವೂ ಒಂದೇ ಆಕಾರದಲ್ಲಿರುತ್ತವೆ. ನಿಂಬೆಹಣ್ಣಿನ ಮೇಲೆ ಭೂಮಿಯ ನೆರಳು ಬಿದ್ದಿಲ್ಲವೆಂಬುದು ಕಣ್ಣಿಗೇ ಕಾಣುತ್ತದೆ. ಸೂರ್ಯ-ಚಂದ್ರರ ನಡುವಣ ಕೋನವು 12 ಅಂಶ ಹೆಚ್ಚಿದಂತೆಲ್ಲ ಒಂದು ತಿಥಿ ಕಳೆಯುತ್ತದೆ ಎಂಬುದನ್ನು ಮುಷ್ಟಿಯಿಂದ ಅಳೆದು ಪಂಚಾಂಗದೊಡನೆ ಹೋಲಿಸಬಹುದು.

ಕಾಲದ ಅಳತೆಗೆ ಗಳಿಗೆ ಬಟ್ಟಲು ಉಪಯುಕ್ತ. ತಳದಲ್ಲಿ ಸೂಕ್ಷ್ಮ ರಂಧ್ರವುಳ್ಳ ಬಟ್ಟಲು ನೀರಿನ ಮೇಲೆ ತೇಲಿ, ತುಂಬಿ, ಮುಳುಗುವ ಅವಧಿಯೇ ಒಂದು ಗಳಿಗೆ, ಅಂದರೆ 24 ನಿಮಿಷ. ಒಂದು ದಿನಕ್ಕೆ 60 ಗಳಿಗೆ. ತೆಂಗಿನ ಕರಟದಿಂದಲೂ ಇಂತಹ ಬಟ್ಟಲನ್ನು ಮಾಡಬಹುದು. ರಂಧ್ರದ ಗಾತ್ರವನ್ನು ತಿದ್ದುತ್ತ 24 ನಿಮಿಷಕ್ಕೆ ಹೊಂದಿಸುವುದೇ ಒಂದು ಪಾಠ. ಆಕಾಶವು ಒಂದು ಗಳಿಗೆಗೆ 6 ಅಂಶ ತಿರುಗುತ್ತದೆಂಬ ಲೆಕ್ಕವನ್ನು ರಾತ್ರಿಯ ಚುಕ್ಕಿಗಳಿಂದ ಪರೀಕ್ಷಿಸಬಹುದು.

7. ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಖಗೋಳ ಬೋಧನೆಗೆ ಬೇಕಾದ ಮೂಲ ಸಾಮಗ್ರಿಗಳು ಹಳ್ಳಿಯ ಮನೆಗಳಲ್ಲಿಯೇ ಇವೆ. ಎರಡನೆಯದಾಗಿ, ಆ ಸಾಮಗ್ರಿಗಳ ಸುತ್ತ ಬೆಳೆದ ಜನಪದ ಜ್ಞಾನದಲ್ಲಿ ನಿಖರವಾದ ವೀಕ್ಷಣೆಯೂ ಇದೆ, ಪರೀಕ್ಷೆಗೊಳಗಾಗದ ಭಯವೂ ಇದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಎಲ್ಲವನ್ನೂ ಮೌಢ್ಯವೆನ್ನುವುದಾಗಲೀ ಎಲ್ಲವನ್ನೂ ವಿಜ್ಞಾನವೆನ್ನುವುದಾಗಲೀ ಅಧ್ಯಯನಶಿಸ್ತಿಗೆ ತಕ್ಕುದಲ್ಲ. ಮೂರನೆಯದಾಗಿ, ಮಳೆಗಾದೆಗಳು, ಹೊತ್ತಿನ ಅಳತೆಗಳು, ಚುಕ್ಕಿಗಳ ಸ್ಥಳೀಯ ಹೆಸರುಗಳು ಅವುಗಳನ್ನು ಬಳಸಿದ ತಲೆಮಾರಿನೊಡನೆ ಮರೆಯಾಗುತ್ತಿವೆ. ವಿದ್ಯುದ್ದೀಪಗಳ ಬೆಳಕಿನಲ್ಲಿ ಆಕಾಶವೇ ಮಸುಕಾಗುತ್ತಿದೆ. ಜಾನಪದ ಸಂಗ್ರಹಕಾರರು ಗಾದೆಯ ಪಠ್ಯವನ್ನಷ್ಟೇ ಬರೆದುಕೊಂಡು, ಹೇಳಿದವರು ಆ ಚುಕ್ಕಿಯನ್ನು ಆಕಾಶದಲ್ಲಿ ತೋರಿಸಬಲ್ಲರೇ ಎಂದು ಕೇಳದೆ ಬಿಟ್ಟಿರುವುದು ನಮ್ಮ ಸಂಗ್ರಹಗಳ ಒಂದು ಕೊರತೆ. ಈ ಕೊರತೆಯನ್ನು ತುಂಬಲು ಶಾಲಾ ಮಕ್ಕಳಷ್ಟು ಸಮರ್ಥರಾದ ಕ್ಷೇತ್ರಕಾರ್ಯಕರ್ತರು ಬೇರೆ ಇಲ್ಲ. ಅಂಗಳದಲ್ಲಿ ಒನಕೆಯ ನೆರಳನ್ನು ಅಳೆಯುವ ಮಗು, ಜಗಲಿಯ ಮೇಲೆ ಕುಳಿತ ಹಿರಿಯರನ್ನು ಅವರು ಹಿಂದೆ ಹೊತ್ತನ್ನು ಹೇಗೆ ತಿಳಿಯುತ್ತಿದ್ದರೆಂದು ಕೇಳಿ ಬರೆದುಕೊಂಡರೆ, ಖಗೋಳ ವಿಜ್ಞಾನಕ್ಕೂ ಜಾನಪದಕ್ಕೂ ಏಕಕಾಲದಲ್ಲಿ ಉಪಕಾರವಾಗುತ್ತದೆ.